ಇಷ್ಟು ಗದ್ದಲದ ನಡುವೆ ನರಕೋಶಗಳು ಸುದ್ದಿ ದಾಟಿಸುವುದು ಹೇಗೆ? ಒಟ್ಟಿಗೆ ಮಿಡಿಯುವುದರಲ್ಲಿ ಅರ್ಥ ಇದೆಯೇ?

ತಂತುಜಾಲ

ಎಲ್ಲರಿಗೂ ನಮಸ್ಕಾರ. ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡು ಸಾಫ್ಟ್‌ವೇರ್. ಆದರೆ ಒಂದು ವರ್ಷದಿಂದ ತಲೆಯಲ್ಲಿ ಮಿದುಳಿನದೇ ಗುಂಗು. ರಾತ್ರಿ ಹೊತ್ತು ಕೂತು ಕಂಪ್ಯೂಟರಿನಲ್ಲಿ ನರಕೋಶದ ಒಂದು ಮಾದರಿ ಬರೆದಿದ್ದೇನೆ. ತೀರಾ ಸರಳವಾದದ್ದು. ಒಳಗೆ ಬರುವ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುತ್ತದೆ, ಜೊತೆಜೊತೆಗೇ ಸೋರಿಸುತ್ತಲೂ ಇರುತ್ತದೆ. ಮೈನಸ್ 70 ಮಿಲಿವೋಲ್ಟ್‌ನಿಂದ ಏರಿ ಮೈನಸ್ 55ರ ಹೊಸ್ತಿಲು ಮುಟ್ಟಿದರೆ ಒಂದು ಸ್ಪೈಕ್, ಅಂದರೆ ಕ್ಷಣಮಾತ್ರದ ಚೂಪಾದ ವಿದ್ಯುತ್ ಮಿಡಿತ, ಹೊಡೆದು ಮತ್ತೆ ಕೆಳಗಿಳಿಯುತ್ತದೆ. ನಿಜವಾದ ನರಕೋಶದ ಹಾಗೇ ಇರಲಿ ಅಂತ ಸ್ವಲ್ಪ ಗದ್ದಲವನ್ನೂ, ಅಂದರೆ ಗೊತ್ತುಗುರಿಯಿಲ್ಲದ ಏರಿಳಿತವನ್ನೂ, ಸೇರಿಸಿದೆ.

ತೊಡಕು ಶುರುವಾದದ್ದು ಅಲ್ಲೇ. ಒಂದೇ ಪ್ರಮಾಣದ ಕರೆಂಟನ್ನು 20 ಸಲ ಕೊಟ್ಟೆ. ಪ್ರತಿ ಸಲದ ಸ್ಪೈಕ್‌ಗಳನ್ನು ಚುಕ್ಕೆಗಳಾಗಿ ಒಂದರ ಕೆಳಗೊಂದು ಸಾಲಿನಲ್ಲಿಟ್ಟು ನೋಡಿದರೆ, ಮೊದಲ ಒಂದೆರಡು ಚುಕ್ಕೆ ಮಾತ್ರ ನೇರಕ್ಕೆ ನಿಂತಿವೆ, ಆಮೇಲಿನವೆಲ್ಲ ಚೆಲ್ಲಾಪಿಲ್ಲಿ. ನಿಜವಾದ ಮಿದುಳಿನಲ್ಲಿ ಇದಕ್ಕಿಂತ ಕಷ್ಟ. ಸ್ಪೈಕ್ ಎರಡು ನರಕೋಶಗಳು ಸೇರುವ ಸಂದಿಯಾದ ಸಿನಾಪ್ಸ್‌ವರೆಗೆ ಬಂದರೂ ಎಷ್ಟೋ ಸಲ ಅಲ್ಲಿಂದ ರಾಸಾಯನಿಕ ಬಿಡುಗಡೆಯೇ ಆಗುವುದಿಲ್ಲವಂತೆ. ಇಂಥ ಬಿಡಿಭಾಗ ನನ್ನ ಕೈಗೆ ಬಂದಿದ್ದರೆ ಕೆಟ್ಟಿದೆ ಅಂತ ಪಕ್ಕಕ್ಕಿಡುತ್ತಿದ್ದೆ.

ಪುಸ್ತಕಗಳು ಕೊಡುವ ಉತ್ತರ ಗೊತ್ತು: ಸ್ಪೈಕ್ ಯಾವಾಗ ಬಂತು ಅನ್ನುವುದು ಬೇಡ, ಎಷ್ಟು ಬಂದವು ಎಂದು ಎಣಿಸು. ಕಪ್ಪೆಯ ಸ್ನಾಯುವಿಗೆ ತೂಕ ಕಟ್ಟಿ, ತೂಕ ಹೆಚ್ಚಿದಂತೆ ಸ್ಪೈಕ್‌ಗಳ ದರ ಹೆಚ್ಚುತ್ತದೆ, ಸ್ಪೈಕ್‌ನ ಗಾತ್ರ ಮಾತ್ರ ಬದಲಾಗದು ಎಂದು ಎಡ್ಗರ್ ಏಡ್ರಿಯನ್ 1926ರಲ್ಲೇ ತೋರಿಸಿದರು. ಸರಿ. ಆದರೆ ಎಣಿಸುವುದಕ್ಕೆ ಪುರುಸೊತ್ತು ಬೇಕಲ್ಲ? ಸೈಮನ್ ಥಾರ್ಪ್ ತಂಡದ 1996ರ ಪ್ರಯೋಗದಲ್ಲಿ ಬರೀ 20 ಮಿಲಿಸೆಕೆಂಡ್ ಮಿಂಚಿ ಮಾಯವಾದ ಚಿತ್ರದಲ್ಲಿ ಪ್ರಾಣಿ ಇತ್ತೋ ಇಲ್ಲವೋ ಅನ್ನುವ ವ್ಯತ್ಯಾಸ ಸುಮಾರು 150 ಮಿಲಿಸೆಕೆಂಡ್‌ಗೆ ಮಿದುಳಿನ ಸಂಕೇತದಲ್ಲಿ ಕಾಣಿಸಿಬಿಟ್ಟಿತು. ಕಣ್ಣಿನಿಂದ ಅಲ್ಲಿಗೆ ಹತ್ತಾರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ಸಿಗುವುದು ಹತ್ತು ಹದಿನೈದು ಮಿಲಿಸೆಕೆಂಡ್. ಅಷ್ಟರಲ್ಲಿ ಒಂದು ನರಕೋಶ ಹೊಡೆಯುವುದು ಒಂದು ಸ್ಪೈಕ್, ಇಲ್ಲವೇ ಸೊನ್ನೆ. ಏನನ್ನು ಎಣಿಸಲಿ?

ಎಣಿಕೆಯಲ್ಲ, ಹಲವು ನರಕೋಶಗಳು ಒಮ್ಮೆಗೇ ಮಿಡಿಯುವುದೇ ಸುದ್ದಿ ಎಂದು ಕೆಲವರು ಹೇಳುತ್ತಾರೆ. ಒಟ್ಟಿಗೆ ಮಿಡಿದರೆ ಅದು ಸುದ್ದಿ ಹೇಗಾಗುತ್ತದೆ? ತಿಳಿದವರು ಬಿಡಿಸಿ ಹೇಳಿ.

ಜೀವಶಾಸ್ತ್ರದ ಮೇಷ್ಟ್ರು

ತಂತುಜಾಲ ಅವರೇ, ನೀವು ಗೊತ್ತಿಲ್ಲದೆಯೇ ಒಂದು ಪ್ರಸಿದ್ಧ ಪ್ರಯೋಗದ ಅರ್ಧ ಭಾಗ ಮಾಡಿ ಮುಗಿಸಿದ್ದೀರಿ. ಉಳಿದರ್ಧ ಮಾಡಿದರೆ ನಿಮ್ಮ ನರಕೋಶದ ಮೇಲಿನ ದೂರು ಹೋಗುತ್ತದೆ.

1995ರಲ್ಲಿ ಝಾಕರಿ ಮೈನೆನ್ ಮತ್ತು ಟೆರೆನ್ಸ್ ಸೆಜ್ನೋವ್ಸ್ಕಿ ಇಲಿಯ ಮಿದುಳಿನ ತೆಳು ಹೋಳಿನಲ್ಲಿದ್ದ ಜೀವಂತ ನರಕೋಶಕ್ಕೆ ಮೊದಲು ನಿಮ್ಮ ಹಾಗೇ ಏರಿಳಿತವಿಲ್ಲದ ಕರೆಂಟ್ ಕೊಟ್ಟರು. ನಿಮಗೆ ಬಂದ ಚಿತ್ರವೇ ಬಂತು: ಮೊದಮೊದಲು ಸಾಲು, ಆಮೇಲೆ ಚದುರು. ಅನಂತರ ಕ್ಷಣಕ್ಷಣಕ್ಕೂ ಏರಿಳಿಯುವ ಕರೆಂಟನ್ನು ಕೊಟ್ಟರು, ಆದರೆ ಪ್ರತಿ ಸಲವೂ ಅದೇ ಏರಿಳಿತ. ಈಗ ಸ್ಪೈಕ್‌ಗಳು ಸಲಸಲಕ್ಕೂ ಒಂದೇ ಜಾಗದಲ್ಲಿ ಬಂದು ನಿಂತವು, ಮಿಲಿಸೆಕೆಂಡಿನೊಳಗಿನ ನಿಖರತೆಯಲ್ಲಿ. ಅಂದರೆ ಸ್ಪೈಕ್ ಹುಟ್ಟಿಸುವ ಯಂತ್ರ ಕೆಟ್ಟಿಲ್ಲ. ಏರಿಳಿತ ಇಲ್ಲದ ಕರೆಂಟಿನಲ್ಲಿ ವೋಲ್ಟೇಜು ಹೊಸ್ತಿಲ ಬಳಿ ನಿಧಾನವಾಗಿ ತೆವಳುತ್ತದೆ, ಆಗ ಚೂರು ಗದ್ದಲ ಬಿದ್ದರೂ ದಾಟುವ ಗಳಿಗೆ ಆಚೀಚೆ ಆಗುತ್ತದೆ. ಕಡಿದಾಗಿ ಏರಿದರೆ ಗದ್ದಲಕ್ಕೆ ಕೈಯಾಡಿಸಲು ಎಡೆಯೇ ಸಿಗದು.

ಕಡಿದಾದ ಏರು ಬರುವುದು ಎಲ್ಲಿಂದ? ಹಲವು ನರಕೋಶಗಳ ಸ್ಪೈಕ್‌ಗಳು ಒಟ್ಟಿಗೆ ಬಂದು ಬಿದ್ದಾಗ. ಒಂದು ಲೆಕ್ಕ ಹಾಕಿ. ಒಂದು ಸ್ಪೈಕ್ ಬಂದರೆ ವೋಲ್ಟೇಜು ಅರ್ಧ ಮಿಲಿವೋಲ್ಟ್ ಏರುತ್ತದೆ, ಏರಿದ್ದು 10 ಮಿಲಿಸೆಕೆಂಡ್ ಅಳತೆಯಲ್ಲಿ ಸೋರಿಹೋಗುತ್ತದೆ ಎಂದಿಟ್ಟುಕೊಳ್ಳಿ. ಹೊಸ್ತಿಲಿಗೆ ಬೇಕಾದದ್ದು 15 ಮಿಲಿವೋಲ್ಟ್. ಮೂವತ್ತು ಸ್ಪೈಕ್‌ಗಳು ಒಮ್ಮೆಗೇ ಬಿದ್ದರೆ 15 ತುಂಬಿತು, ನರಕೋಶ ಮಿಡಿಯಿತು. ಅದೇ ಮೂವತ್ತು 100 ಮಿಲಿಸೆಕೆಂಡ್‌ನಲ್ಲಿ ಹರಡಿಕೊಂಡು ಬಂದರೆ? ಒಂದು ಬಂದು ಸೋರುವಷ್ಟರಲ್ಲಿ ಇನ್ನೊಂದು. ಸರಾಸರಿ ಏರಿಕೆ ಬರೀ ಒಂದೂವರೆ ಮಿಲಿವೋಲ್ಟ್. ಎಣಿಕೆ ಒಂದೇ, ಫಲ ಪೂರ್ತಿ ಬೇರೆ. ಸೋರುವ ಕೊಡ ತುಂಬಬೇಕಾದರೆ ನೀರು ಒಮ್ಮೆಗೇ ಸುರಿಯಬೇಕು.

ಮೌನ ಓದುಗ

ಇಷ್ಟು ದಿನ ಓದಿ ಸುಮ್ಮನಾಗುತ್ತಿದ್ದವನು, ಇವತ್ತು ಕೇಳಲೇಬೇಕು ಅನ್ನಿಸಿತು. ಮೇಷ್ಟ್ರೇ, ಮಿದುಳಿನಲ್ಲಿ ಕೋಟಿಗಟ್ಟಲೆ ನರಕೋಶ ಸದಾ ಮಿಡಿಯುತ್ತಲೇ ಇರುತ್ತವಲ್ಲ. ಆಕಸ್ಮಿಕವಾಗಿಯೂ ಒಟ್ಟಿಗೆ ಬೀಳಬಹುದಲ್ಲ? ಬೇಕಂತಲೇ ಒಟ್ಟಾದದ್ದು ಯಾವುದು, ತಾನಾಗಿ ಒಟ್ಟಾದದ್ದು ಯಾವುದು ಅಂತ ಕೇಳುವ ನರಕೋಶಕ್ಕೆ ತಿಳಿಯುವುದು ಹೇಗೆ?

ಅಂಕಿ ಅಕ್ಷರ

ಮೌನ ಓದುಗರೇ, ನಿಮ್ಮ ಪ್ರಶ್ನೆಯೇ ಇಡೀ ವಿಷಯದ ಗಂಟು. ನಾನು ಸಂಖ್ಯಾಶಾಸ್ತ್ರ ಕಲಿಸುವವಳು, ಹಾಗಾಗಿ ಅಂಕಿಯಲ್ಲೇ ಹೇಳುತ್ತೇನೆ.

ಪ್ರತಿ ನರಕೋಶ ಸೆಕೆಂಡಿಗೆ 10 ಸಲ, ತನ್ನ ಪಾಡಿಗೆ, ಯಾರ ಗೊಡವೆಯೂ ಇಲ್ಲದೆ ಮಿಡಿಯುತ್ತದೆ ಎನ್ನಿ. 5 ಮಿಲಿಸೆಕೆಂಡಿನ ಒಂದು ಕಿಟಕಿಯಲ್ಲಿ ಅದು ಮಿಡಿಯುವ ಸಾಧ್ಯತೆ 0.05. ಗೊತ್ತುಮಾಡಿಕೊಂಡ ಎರಡು ನರಕೋಶಗಳು ಒಂದೇ ಕಿಟಕಿಯಲ್ಲಿ ಬೀಳುವುದು 0.0025. ಸೆಕೆಂಡಿಗೆ 200 ಕಿಟಕಿ, ಹಾಗಾಗಿ ಎರಡು ಸೆಕೆಂಡಿಗೊಮ್ಮೆ ಸುಮ್ಮಸುಮ್ಮನೆ ಜೋಡಿಯಾಗುತ್ತವೆ. ಇದಕ್ಕೆ ಬೆಲೆಯಿಲ್ಲ. ಗೊತ್ತುಮಾಡಿಕೊಂಡ ಐದು ಒಟ್ಟಾಗಬೇಕಾದರೆ ಸುಮಾರು ನಾಲ್ಕೂವರೆ ಗಂಟೆ ಕಾಯಬೇಕು. ಹತ್ತು ಒಟ್ಟಾಗಬೇಕಾದರೆ ಸುಮಾರು 1,600 ವರ್ಷ. ನಾನು ಎರಡು ಸಲ ಲೆಕ್ಕ ಮಾಡಿ ನೋಡಿದೆ, ಅಷ್ಟೇ ಬರುತ್ತದೆ. ಒಂದು ನಿರ್ದಿಷ್ಟ ಹತ್ತರ ಗುಂಪು 5 ಮಿಲಿಸೆಕೆಂಡಿನೊಳಗೆ ಒಟ್ಟಿಗೆ ಮಿಡಿದರೆ ಅದನ್ನು ಆಕಸ್ಮಿಕ ಎಂದು ತಳ್ಳಿಹಾಕುವ ಹಾಗೇ ಇಲ್ಲ.

ಆದರೆ 'ನಿರ್ದಿಷ್ಟ' ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಿದುಳಿನ ಹೊರಪದರದ ಒಂದು ನರಕೋಶಕ್ಕೆ ಸುಮಾರು 10,000 ಸಿನಾಪ್ಸ್‌ಗಳಿರುತ್ತವೆ. ಅವೆಲ್ಲ ಮೇಲೆ ಹೇಳಿದ ದರದಲ್ಲೇ ಮಿಡಿದರೆ ಪ್ರತಿ 5 ಮಿಲಿಸೆಕೆಂಡಿಗೂ 500 ಸ್ಪೈಕ್ ಬಂದು ಬೀಳುತ್ತಿರುತ್ತವೆ, ಅದೂ 22ರಷ್ಟು ಆಚೀಚೆ ತುಯ್ದಾಡುತ್ತ. ಅದರ ಮೇಲೆ ಮೇಷ್ಟ್ರ ಮೂವತ್ತು ಹೆಚ್ಚುವರಿ ಸ್ಪೈಕ್ ಬಿದ್ದರೆ, ಒಟ್ಟು ಎಣಿಸುವವನ ಕಣ್ಣಿಗೆ ಅದು ಬೀಳುವುದೇ ಕಷ್ಟ. ಹಾಗಾಗಿ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಅವರೇ ಹೇಳಲಿ.

ಜೀವಶಾಸ್ತ್ರದ ಮೇಷ್ಟ್ರು

ಮೇಡಂ ಹಿಡಿದದ್ದು ಸರಿಯಾದ ಜಾಗ. ನಾನು ಖಾಲಿ ಕೊಡದ ಲೆಕ್ಕ ಹೇಳಿದೆ, ನಿಜವಾದ ಕೊಡ ಯಾವತ್ತೂ ಖಾಲಿ ಇರುವುದಿಲ್ಲ.

ಎರಡು ಸಂಗತಿ ಇದನ್ನು ಸರಿದೂಗಿಸುತ್ತವೆ. ಒಂದು, ಆ 500ರಲ್ಲಿ ಎಲ್ಲವೂ ಮೇಲೆತ್ತುವವಲ್ಲ, ಕೆಳಗೆಳೆಯುವ ತಡೆ ಸಿನಾಪ್ಸ್‌ಗಳೂ ಇವೆ. ಎತ್ತುವುದೂ ಎಳೆಯುವುದೂ ಹೆಚ್ಚುಕಡಿಮೆ ಸಮ ಆದಾಗ ಸರಾಸರಿ ಕರಗಿಹೋಗಿ ತುಯ್ದಾಟ ಮಾತ್ರ ಉಳಿಯುತ್ತದೆ. ಹೊರಪದರದ ನರಕೋಶಗಳು ಅಷ್ಟು ಗೊತ್ತುಗುರಿಯಿಲ್ಲದೆ ಮಿಡಿಯುವುದಕ್ಕೆ ಇದೇ ಕಾರಣ ಎಂದು 1996ರಲ್ಲಿ ವಾನ್ ವ್ರೀಸ್‌ವೈಕ್ ಮತ್ತು ಸಂಪೋಲಿನ್ಸ್ಕಿ ಲೆಕ್ಕ ಹಾಕಿ ತೋರಿಸಿದರು. ನರಕೋಶ ಸದಾ ಹೊಸ್ತಿಲ ಹತ್ತಿರವೇ ಹೊಯ್ದಾಡುತ್ತಿರುತ್ತದೆ, ಸಣ್ಣ ತಳ್ಳು ಸಾಕು.

ಇನ್ನೊಂದು ನನಗೆ ಬಲು ಇಷ್ಟವಾದದ್ದು. ನರಕೋಶ ಅಂದರೆ ಒಂದು ಕೊಡ ಅಲ್ಲ, ಒಂದು ಮರ. ಸಿನಾಪ್ಸ್‌ಗಳು ಕೂತಿರುವುದು ರೆಂಬೆಕೊಂಬೆಗಳ ಮೇಲೆ. ಒಂದೇ ರೆಂಬೆಯಲ್ಲಿ ಒತ್ತೊತ್ತಾಗಿರುವ ಹತ್ತಿಪ್ಪತ್ತು ಸಿನಾಪ್ಸ್‌ಗಳು ಒಟ್ಟಿಗೆ ಎಚ್ಚೆತ್ತರೆ ಆ ರೆಂಬೆಯೇ ತನ್ನದೊಂದು ಸ್ಥಳೀಯ ಸ್ಪೈಕ್ ಎಬ್ಬಿಸಬಲ್ಲದು. ಬೇರೆ ಬೇರೆ ರೆಂಬೆಗಳಿಗೆ ಚದುರಿ ಬಿದ್ದರೆ ಆ ಫಲ ಇಲ್ಲ. ಅಂದರೆ 'ನಿರ್ದಿಷ್ಟ ಗುಂಪು' ಯಾವುದು ಎಂಬ ಪಟ್ಟಿ ಎಲ್ಲೋ ಬರೆದಿಟ್ಟಿಲ್ಲ, ಯಾರು ಯಾವ ರೆಂಬೆಗೆ ತಗುಲಿಕೊಂಡಿದ್ದಾರೆ ಅನ್ನುವುದೇ ಪಟ್ಟಿ. ಗದ್ದಲ ಎಲ್ಲ ರೆಂಬೆಗೂ ಸಮನಾಗಿ ಬೀಳುತ್ತದೆ, ಸುದ್ದಿ ಒಂದು ರೆಂಬೆಗೆ ಬೀಳುತ್ತದೆ. ಕೇಳುವವನ ಕಿವಿ ಯಾವ ಆಕಾರದಲ್ಲಿದೆ ಎಂದು ನೋಡದೆ ಬರೀ ಹೇಳುವವರನ್ನು ನೋಡಿದರೆ ಒಟ್ಟು ಮಿಡಿತಕ್ಕೆ ಅರ್ಥವೇ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಇಜಿ ಕೋಣೆ

ಚರ್ಚೆ ಚೆನ್ನಾಗಿದೆ, ಆದರೆ ನನ್ನ ದಿನನಿತ್ಯದ ಅನುಭವ ಇದಕ್ಕೆ ತೀರಾ ಉಲ್ಟಾ. ನಾನು ಹದಿನಾಲ್ಕು ವರ್ಷದಿಂದ ಇಇಜಿ, ಅಂದರೆ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುವ ಟೆಕ್ನಿಷಿಯನ್.

ನೆತ್ತಿಯ ಅಳತೆ ತೆಗೆದು ಎಲೆಕ್ಟ್ರೋಡ್ ಅಂಟಿಸಿ, ಕಣ್ಣು ಮುಚ್ಚಿ ಅನ್ನುತ್ತೇನೆ. ತಲೆಯ ಹಿಂಭಾಗದ ಗೆರೆಗಳಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರರ ಆಲ್ಫಾ ಅಲೆ, ಬಾಚಣಿಗೆ ಹಲ್ಲಿನ ಹಾಗೆ ನೀಟಾಗಿ ಏಳುತ್ತದೆ. ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದು ಇದನ್ನೇ. ಕಣ್ಣು ತೆರೆಯಿರಿ ಅಂದ ಕೂಡಲೇ ಅಲೆ ಹೋಗಿ ಗೆರೆ ಸಪಾಟು. ಅಂದರೆ ನೋಡಲು ಏನೂ ಇಲ್ಲದಾಗ ಒಗ್ಗಟ್ಟು, ನೋಡಲು ಶುರುಮಾಡಿದರೆ ಚದುರು.

ಇನ್ನೊಂದು ಇನ್ನೂ ಮನಸ್ಸಿಗೆ ನಾಟುವಂಥದ್ದು. ಆಬ್ಸೆನ್ಸ್ ಥರದ ಮೂರ್ಛೆ, ಅಂದರೆ ಕೆಲವು ಸೆಕೆಂಡ್ ಅರಿವು ತಪ್ಪುವಂಥದ್ದು, ಇರುವ ಮಕ್ಕಳು ಬರುತ್ತಾರೆ. ಮೂರು ನಿಮಿಷ ಜೋರಾಗಿ ಉಸಿರು ಬಿಡಿಸಿದರೆ ಎಷ್ಟೋ ಮಕ್ಕಳಲ್ಲಿ ಅದು ಬಂದೇ ಬರುತ್ತದೆ. ಪರದೆಯ ಮೇಲೆ ಎಲ್ಲ ಗೆರೆಗಳೂ ಒಮ್ಮೆಗೇ ಎದ್ದು ಸೆಕೆಂಡಿಗೆ ಮೂರರಂತೆ ಚೂಪು ಮತ್ತು ಅಲೆ, ಚೂಪು ಮತ್ತು ಅಲೆ. ಆ ಹೊತ್ತಿನಲ್ಲಿ ನಾನು ಮಗುವಿಗೆ ಒಂದು ಪದ ಹೇಳುತ್ತೇನೆ. ಕಣ್ಣು ತೆರೆದೇ ಇರುತ್ತದೆ, ಮುಖ ಖಾಲಿ. ಕೆಲವು ಸೆಕೆಂಡ್ ಕಳೆದು ಅಲೆ ನಿಂತ ಮೇಲೆ ಏನು ಹೇಳಿದೆ ಪುಟ್ಟಾ ಅಂತ ಕೇಳಿದರೆ, ಎಷ್ಟೋ ಸಲ ಆ ಪದ ಮಗುವಿನ ಪಾಲಿಗೆ ಹುಟ್ಟಿಯೇ ಇರುವುದಿಲ್ಲ.

ನಾನು ನೋಡಿದ ಅತಿ ದೊಡ್ಡ ಒಗ್ಗಟ್ಟು ಅದು. ಅದರಲ್ಲಿ ಸುದ್ದಿ ಇಲ್ಲ, ಬರುವ ಸುದ್ದಿಗೂ ಬಾಗಿಲು ಹಾಕಿರುತ್ತದೆ. ಹಾಗಿರುವಾಗ ಒಟ್ಟಿಗೆ ಮಿಡಿಯುವುದೇ ಮಿದುಳಿನ ಭಾಷೆ ಅಂದರೆ ನಾನು ಹೇಗೆ ಒಪ್ಪಲಿ?

ಅಂಕಿ ಅಕ್ಷರ

ಇಇಜಿ ಕೋಣೆಯವರೇ, ಆ ಮಗುವಿನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಹೇಳಿದ್ದು ಸುದ್ದಿಯ ಗಣಿತಕ್ಕೆ ಸರಿಯಾಗಿ ಹೊಂದುತ್ತದೆ.

ಮಾಹಿತಿ ಅಂದರೆ ಆಯ್ಕೆ. ಬೇರೆ ಬೇರೆ ಆಗಬಹುದಿತ್ತು, ಅದರಲ್ಲಿ ಇದು ಆಯಿತು ಅನ್ನುವುದರಲ್ಲಿ ಸುದ್ದಿ ಇರುವುದು. ನೂರು ನರಕೋಶಗಳಲ್ಲಿ ಹತ್ತರ ಗುಂಪುಗಳನ್ನು ಹದಿನೇಳು ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಆರಿಸಬಹುದು. ಈಗ ಈ ಹತ್ತು, ಮುಂದಿನ ಕ್ಷಣ ಆ ಹತ್ತು ಒಟ್ಟಿಗೆ ಮಿಡಿದರೆ ಹೇಳಲು ಬೇಕಾದಷ್ಟಿದೆ. ನೂರೂ ಒಟ್ಟಿಗೆ ಮಿಡಿದರೆ? ಇರುವುದು ಎರಡೇ ಮಾತು: ಹೂಂ, ಉಹೂಂ. ಅದೂ ಗಡಿಯಾರದ ಹಾಗೆ ಸೆಕೆಂಡಿಗೆ ಮೂರರಂತೆ ಬರುತ್ತಿದ್ದರೆ ಮುಂದಿನದು ಏನೆಂದು ಮೊದಲೇ ಗೊತ್ತು, ಹೊಸ ಸುದ್ದಿ ಸೊನ್ನೆಗೆ ಹತ್ತಿರ. ಎಲ್ಲರೂ ತಂತಮ್ಮ ಪಾಡಿಗೆ ಮಿಡಿಯುತ್ತಿದ್ದರೆ ಬಗೆಗಳು ಲೆಕ್ಕವಿಲ್ಲದಷ್ಟು, ಆದರೆ ಯಾವುದನ್ನೂ ನೆಚ್ಚುವಂತಿಲ್ಲ. ಈ ಎರಡರ ನಡುವೆ ಎಲ್ಲೋ ಕೆಲಸ ನಡೆಯುತ್ತದೆ.

ಜೀವಶಾಸ್ತ್ರದ ಮೇಷ್ಟ್ರು

ಇದಕ್ಕೊಂದು ಮಾತು ಸೇರಿಸಬೇಕು. ಇಇಜಿ ನೆತ್ತಿಯ ಮೇಲಿಂದ ಕೇಳುವ ಯಂತ್ರ. ಒಂದೊಂದು ನರಕೋಶದ ದನಿ ಅಷ್ಟು ದೂರ ಬರುವುದಿಲ್ಲ. ಹಲವು ಚದರ ಸೆಂಟಿಮೀಟರಿನಷ್ಟು ಹೊರಪದರ ಒಂದೇ ತಾಳದಲ್ಲಿದ್ದರೆ ಮಾತ್ರ ಕೆಲವು ಹತ್ತು ಮೈಕ್ರೋವೋಲ್ಟ್‌ನ ಅಲೆಯಾಗಿ ಮೇಲೆ ಕಾಣುತ್ತದೆ. ಹಾಗಾಗಿ ನಿಮ್ಮ ಪರದೆಗೆ ಕಾಣುವುದು ಊರಿಗೆ ಊರೇ ಕೂಗುವ ಘೋಷಣೆ ಮಾತ್ರ. ಕೆಲವು ನೂರು ನರಕೋಶಗಳ ಗುಂಪು ಎರಡು ಮಿಲಿಸೆಕೆಂಡ್ ಒಟ್ಟಾಗಿ, ಮರುಕ್ಷಣ ಬೇರೆ ಗುಂಪು ಒಟ್ಟಾಗಿ ನಡೆಸುವ ಮಾತುಕತೆ ಅಲ್ಲಿ ಒಂದನ್ನೊಂದು ಕಳೆದುಕೊಂಡು ಸಪಾಟು ಗೆರೆಯಾಗುತ್ತದೆ. ಕಣ್ಣು ತೆರೆದಾಗ ಒಗ್ಗಟ್ಟು ಇಲ್ಲವಾಗುವುದಿಲ್ಲ, ದೊಡ್ಡ ಒಗ್ಗಟ್ಟು ಒಡೆದು ಸಣ್ಣ ಸಣ್ಣ ಒಗ್ಗಟ್ಟುಗಳಿಗೆ ಜಾಗ ಆಗುತ್ತದೆ.

ಪಾರ್ಕಿನ್ಸನ್ ಕಾಯಿಲೆಯಲ್ಲೂ ಇದೇ ಕಥೆ. ಮಿದುಳಿನ ಆಳದ ಸಬ್‌ಥಾಲಮಿಕ್ ಗಂಟಿನಲ್ಲಿ ಸೆಕೆಂಡಿಗೆ 13ರಿಂದ 30ರ ಬೀಟಾ ತಾಳ ಅತಿಯಾಗಿ ಬಿಗಿದುಕೊಳ್ಳುತ್ತದೆ, ಔಷಧ ಕೊಟ್ಟರೆ ತಗ್ಗುತ್ತದೆ.

ದರವಾದಿ

ಎಲ್ಲ ಓದಿದೆ. ನಾನು ಈ ಕ್ಷೇತ್ರದಲ್ಲೇ ಸಂಶೋಧನೆ ಮಾಡುವವನು, ಒಟ್ಟು ಮಿಡಿತದ ಬಗ್ಗೆ ನನಗೆ ಗಟ್ಟಿ ಅನುಮಾನಗಳಿವೆ. ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಹೇಳುತ್ತೇನೆ.

ಒಟ್ಟು ಮಿಡಿತ ಕಾಣಿಸುವುದು ಬೇರೆ, ಅದನ್ನು ಮಿದುಳು ಬಳಸುವುದು ಬೇರೆ. 1989ರಲ್ಲಿ ಚಾರ್ಲ್ಸ್ ಗ್ರೇ, ವುಲ್ಫ್ ಸಿಂಗರ್ ಮತ್ತು ಅವರ ಜೊತೆಗಾರರು ಬೆಕ್ಕಿನ ದೃಷ್ಟಿ ಹೊರಪದರದಲ್ಲಿ ದೂರದೂರದ ನರಕೋಶಗಳು ಒಂದೇ ಉದ್ದ ಪಟ್ಟಿಯನ್ನು ನೋಡುವಾಗ ಸೆಕೆಂಡಿಗೆ ನಲವತ್ತರ ಆಸುಪಾಸಿನಲ್ಲಿ ತಾಳ ಕೂಡಿಸುತ್ತವೆ, ಎರಡು ಬೇರೆ ಪಟ್ಟಿಗಳು ಎದುರುಬದುರಾಗಿ ಚಲಿಸಿದರೆ ಕೂಡಿಸುವುದಿಲ್ಲ ಎಂದು ತೋರಿಸಿದಾಗ, ವಸ್ತುವಿನ ಭಾಗಗಳನ್ನು ಮಿದುಳು ಒಂದಾಗಿ ಬೆಸೆಯುವುದು ಹೀಗೆ ಎಂಬ ವಾದ ಜೋರಾಗಿ ಹಬ್ಬಿತು. ಸುಂದರ ವಿಚಾರ. ಆದರೆ ಎಂಜಿನ್ ಓಡುವಾಗ ಸದ್ದು ಬರುತ್ತದೆ, ಸದ್ದು ಗಾಡಿಯನ್ನು ಎಳೆಯುವುದಿಲ್ಲ. ಶ್ಯಾಡ್ಲೆನ್ ಮತ್ತು ನ್ಯೂಸಮ್ ತೊಂಬತ್ತರ ದಶಕದುದ್ದಕ್ಕೂ ಕೇಳಿದ್ದು ಇದನ್ನೇ. 2007ರಲ್ಲಿ ಡಿ ಲಾ ರೋಚಾ ಮತ್ತು ಸಂಗಡಿಗರು ಇನ್ನೊಂದು ಕೊಕ್ಕೆ ತೋರಿಸಿದರು: ಎರಡು ನರಕೋಶಗಳಿಗೆ ಬರುವ ಹಂಚಿಕೆಯ ಗದ್ದಲ ಅಷ್ಟೇ ಇದ್ದರೂ, ಅವುಗಳ ಮಿಡಿತದ ದರ ಏರಿದರೆ ಸಾಕು, ಸ್ಪೈಕ್‌ಗಳ ನಡುವಿನ ಹೊಂದಾಣಿಕೆಯೂ ಏರುತ್ತದೆ. ಅಂದರೆ ನೀವು ಒಗ್ಗಟ್ಟು ಎಂದು ಹಿಗ್ಗುವುದು ದರದ ನೆರಳೇ ಆಗಿರಬಹುದು.

ಹೊಂದಾಣಿಕೆಯಿಂದ ನಷ್ಟವೂ ಇದೆ. ಗದ್ದಲ ಬೇರೆ ಬೇರೆ ಆಗಿದ್ದರೆ ಹೆಚ್ಚು ನರಕೋಶಗಳ ಸರಾಸರಿ ತೆಗೆದಷ್ಟೂ ಅದು ಅಳಿಯುತ್ತದೆ. ಹಂಚಿಕೆಯ ಗದ್ದಲ ಅಳಿಯುವುದಿಲ್ಲ. 1994ರಲ್ಲಿ ಜೋಹರಿ, ಶ್ಯಾಡ್ಲೆನ್, ನ್ಯೂಸಮ್ ಕೋತಿಯ ಮಿದುಳಿನಲ್ಲಿ ಅಳೆದ ಹೊಂದಾಣಿಕೆ ಸರಾಸರಿ ಬರೀ 0.12 (ಪೂರ್ತಿ ಹೊಂದಿದರೆ 1). ಅಷ್ಟಕ್ಕೇ ಸುಮಾರು ನೂರು ನರಕೋಶ ದಾಟಿದ ಮೇಲೆ ಇನ್ನಷ್ಟು ಸೇರಿಸಿದರೂ ಹೆಚ್ಚಿನ ಲಾಭ ಇಲ್ಲ.

ಒಗ್ಗಟ್ಟನ್ನು ಮಾತ್ರ ಮುರಿದು, ದರವನ್ನು ಹಾಗೇ ಬಿಟ್ಟು, ಆಗ ಪ್ರಾಣಿಯ ನಡತೆ ಕೆಡುತ್ತದೆ ಎಂದು ತೋರಿಸಿ. ಅಲ್ಲಿಯವರೆಗೆ ನಾನು ಎಣಿಸುವವರ ಪಕ್ಷ.

ಜೇನುಗೂಡು

ದರವಾದಿ ಸರ್, ನೀವು ಕೇಳಿದ ಪ್ರಯೋಗ ಆಗಿದೆ. ಅದೂ ಜೇನುನೊಣದಲ್ಲಿ, ಹಾಗಾಗಿ ನಾನು ಬಾಯಿ ಬಿಡಲೇಬೇಕು.

ಕೀಟದ ಮೀಸೆಗೆ ವಾಸನೆ ತಾಗಿದಾಗ ಅದರ ಮಿದುಳಿನ ಮೊದಲ ವಾಸನೆ ನಿಲ್ದಾಣದಲ್ಲಿ ಹಲವು ನರಕೋಶಗಳು ಒಂದು ತಾಳಕ್ಕೆ ಕೂಡಿಕೊಳ್ಳುತ್ತವೆ. ಮಿಡತೆಯಲ್ಲಿ ಅದು ಸೆಕೆಂಡಿಗೆ ಸುಮಾರು 20. ಯಾವ ನರಕೋಶ ಯಾವ ಸುತ್ತಿನಲ್ಲಿ ತಾಳಕ್ಕೆ ಸೇರಿಕೊಂಡಿತು, ಯಾವುದು ಬಿಟ್ಟಿತು ಅನ್ನುವುದು ವಾಸನೆಯಿಂದ ವಾಸನೆಗೆ ಬದಲಾಗುತ್ತದೆ. ಈ ತಾಳ ಹಿಡಿಸುವುದು ಗಾಬಾ ಎಂಬ ರಾಸಾಯನಿಕ ಬಿಡುವ ತಡೆ ನರಕೋಶಗಳು. ಗಾಬಾದ ಕೆಲಸವನ್ನು ತಡೆಯುವ ಪಿಕ್ರೊಟಾಕ್ಸಿನ್ ಹಾಕಿದರೆ ತಾಳ ತಪ್ಪುತ್ತದೆ, ಆದರೆ ಒಂದೊಂದು ನರಕೋಶ ವಾಸನೆಗೆ ನಿಧಾನಗತಿಯಲ್ಲಿ ಏರಿಳಿದು ಮಿಡಿಯುವ ಬಗೆ ಉಳಿದುಕೊಳ್ಳುತ್ತದೆ ಎಂದು 1996ರಲ್ಲಿ ಮೆಕ್ಲಿಯೋಡ್ ಮತ್ತು ಲೋರಾನ್ ಮಿಡತೆಯಲ್ಲಿ ಕಂಡರು.

ಮರುವರ್ಷ ಸ್ಟಾಪ್ಫರ್, ಭಾಗವನ್, ಸ್ಮಿತ್, ಲೋರಾನ್ ಇದನ್ನು ಜೇನುನೊಣದ ಕಲಿಕೆಗೆ ತಂದರು. ಜೇನುನೊಣಕ್ಕೆ ಒಂದು ವಾಸನೆ ತೋರಿಸಿ ಸಕ್ಕರೆ ನೀರು ಕೊಟ್ಟರೆ ಬೇಗ ಕಲಿಯುತ್ತದೆ. ಆಮೇಲೆ ಬರೀ ವಾಸನೆ ತಾಗಿಸಿದರೂ ಸೊಂಡಿಲು ಚಾಚುತ್ತದೆ. ಅದನ್ನು ಕಣ್ಣಾರೆ ನೋಡಬೇಕು ನೀವು, ಅಷ್ಟು ಪುಟ್ಟ ಜೀವ ಎಷ್ಟು ಖಚಿತವಾಗಿ ಚಾಚುತ್ತದೆ ಅಂತ. ತಾಳ ತಪ್ಪಿಸಿದ ನೊಣಗಳೂ ಕಲಿತವು. ತೀರಾ ಬೇರೆ ವಾಸನೆಯನ್ನು ಬೇರೆ ಎಂದು ಗುರುತಿಸಿದವು. ಎಡವಿದ್ದು ಎಲ್ಲಿ ಗೊತ್ತೇ? ರಾಸಾಯನಿಕವಾಗಿ ಅಣ್ಣತಮ್ಮಂದಿರಂತಿರುವ ವಾಸನೆಗಳಲ್ಲಿ. ತಾಳ ಇದ್ದ ನೊಣಗಳು ಅವನ್ನು ಬೇರ್ಪಡಿಸಿದವು, ತಾಳ ಇಲ್ಲದವು ಎರಡಕ್ಕೂ ಸೊಂಡಿಲು ಚಾಚಿದವು.

ನೀವು ಪಿಕ್ರೊಟಾಕ್ಸಿನ್ ಬೇರೇನನ್ನೋ ಕೆಡಿಸಿರಬಹುದು ಅನ್ನುತ್ತೀರಿ, ಗೊತ್ತು. ಹಾಗೆ ಕೆಡಿಸಿದ್ದರೆ ಕಲಿಕೆ, ನೆನಪು, ದೊಡ್ಡ ವ್ಯತ್ಯಾಸಗಳ ಗುರುತು ಎಲ್ಲವೂ ಕೆಡಬೇಕಿತ್ತಲ್ಲ?

ದರವಾದಿ

ಜೇನುಗೂಡು ಅವರೇ, ಈ ಪ್ರಯೋಗವನ್ನು ನಾನು ಗೌರವಿಸುತ್ತೇನೆ. ಔಷಧದ ಬಗೆಗಿನ ಸಂಶಯ ನನಗೆ ಪೂರ್ತಿ ಹೋಗಿಲ್ಲ, ಆದರೆ ಸೂಕ್ಷ್ಮ ವ್ಯತ್ಯಾಸ ಮಾತ್ರ ಕೆಟ್ಟಿತು ಅನ್ನುವುದಕ್ಕೆ ನನ್ನ ಬಳಿ ಸುಲಭದ ಬೇರೆ ವಿವರಣೆ ಇಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಅದೇ ತಂಡದ 1998ರ ಕೆಲಸ. ತಾಳ ಮುರಿದಾಗ ಮುಂದಿನ ಹಂತದಲ್ಲಿ ಕೇಳಿಸಿಕೊಳ್ಳುವ ನರಕೋಶಗಳು ವಾಸನೆಗಳ ನಡುವಿನ ಭೇದವನ್ನು ಕಳೆದುಕೊಂಡವು. ಮೇಷ್ಟ್ರು ಹೇಳಿದ ಕಿವಿಯ ಮಾತು ಅಲ್ಲಿಗೆ ಕೂಡಿಬರುತ್ತದೆ. ಕೀಟದ ವಾಸನೆಯ ಮಟ್ಟಿಗೆ ಒಪ್ಪಿದೆ. ಕೋತಿಯ, ಮನುಷ್ಯನ ಹೊರಪದರಕ್ಕೆ ಅದನ್ನೇ ಎಳೆದು ಹೊದಿಸುವುದಕ್ಕೆ ಇನ್ನೂ ಒಪ್ಪುವುದಿಲ್ಲ.

ಮೌನ ಓದುಗ

ಮಧ್ಯೆ ಒಂದು ಪ್ರಶ್ನೆ. ನಲವತ್ತು ಹರ್ಟ್ಜ್ ಸದ್ದು ಕೇಳಿದರೆ, ಬೆಳಕು ಮಿನುಗಿಸಿಕೊಂಡು ಕೂತರೆ ನೆನಪಿನ ಶಕ್ತಿ ಹೆಚ್ಚುತ್ತದೆ ಅಂತ ಆ್ಯಪ್‌ಗಳು ಬರುತ್ತಿವೆ. ನಮ್ಮ ತಾಯಿಗೆ ಮರೆವು ಶುರುವಾಗಿದೆ, ಅದಕ್ಕೆ ಕೇಳಿದೆ.

ದರವಾದಿ

ಆ್ಯಪ್ ನಂಬಿ ವೈದ್ಯರ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಆ ಸುದ್ದಿ ಹುಟ್ಟಿದ್ದು 2016ರಲ್ಲಿ: ಆಲ್ಝೈಮರ್ ಮಾದರಿಯ ಇಲಿಗಳಿಗೆ 40 ಹರ್ಟ್ಜ್ ಬೆಳಕು ಮಿನುಗಿಸಿದಾಗ ದೃಷ್ಟಿ ಹೊರಪದರದಲ್ಲಿ ಆ ಕಾಯಿಲೆಯಲ್ಲಿ ಜಮೆಯಾಗುವ ಅಮಿಲಾಯ್ಡ್ ಪ್ರೋಟೀನ್ ತಗ್ಗಿತೆಂದು ಎಂಐಟಿಯ ತಂಡ ವರದಿ ಮಾಡಿತು. 2023ರಲ್ಲಿ ನ್ಯೂಯಾರ್ಕಿನ ಬುಜ್ಸಾಕಿ ಅವರ ಪ್ರಯೋಗಾಲಯ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. ಹೊರಗಿಂದ ತಾಳ ಹಾಕಿದರೆ ಒಳಗಿನ ಮಾತು ಸರಿಹೋಗುತ್ತದೆ ಅನ್ನುವುದು ಬಲು ದೊಡ್ಡ ಜಿಗಿತ. ಇನ್ನೊಂದು, ಮಿನುಗು ಬೆಳಕು ಕೆಲವರಲ್ಲಿ ಮೂರ್ಛೆ ಎಬ್ಬಿಸುತ್ತದೆ. ಇಇಜಿ ಕೋಣೆಯವರಿಗೆ ಅದು ಚೆನ್ನಾಗಿ ಗೊತ್ತು. ತಾಯಿಯವರನ್ನು ನರರೋಗ ತಜ್ಞರಿಗೆ ತೋರಿಸಿ.

ತಂತುಜಾಲ

ನಾಲ್ಕು ರಾತ್ರಿ ಕೂತೆ. ಏನಾಯಿತು ಅಂತ ಹೇಳುತ್ತೇನೆ.

ಮೊದಲು ಮೇಷ್ಟ್ರು ಹೇಳಿದ ಹಾಗೆ ಏರಿಳಿಯುವ ಕರೆಂಟ್ ಕೊಟ್ಟೆ. 20 ಸಾಲಿನ ಚುಕ್ಕೆಗಳು ಕಂಬ ನೆಟ್ಟ ಹಾಗೆ ನೇರ ನಿಂತವು. ಅದೇ ಮಾದರಿ, ಅದೇ ಗದ್ದಲ. ಕೂಗಿಬಿಡುವಷ್ಟು ಖುಷಿಯಾಯಿತು.

ಆಮೇಲೆ ಒಂದು ಸರಪಳಿ ಕಟ್ಟಿದೆ. ಮೋಷೆ ಅಬೆಲೆಸ್ ಎಂಬತ್ತರ ದಶಕದಲ್ಲಿ ಸಿನ್‌ಫೈರ್ ಸರಪಳಿ ಅಂತ ಕರೆದದ್ದು, 1999ರಲ್ಲಿ ಡೀಸ್ಮನ್, ಗೆವಾಲ್ಟಿಗ್, ಆರ್ಟ್ಸನ್ ಲೆಕ್ಕ ಹಾಕಿ ನೋಡಿದ್ದು. ನೂರು ನೂರು ನರಕೋಶಗಳ ಹತ್ತು ಗುಂಪು, ಪ್ರತಿ ಗುಂಪಿನ ಎಲ್ಲರೂ ಮುಂದಿನ ಗುಂಪಿನ ಎಲ್ಲರಿಗೂ ತಗುಲಿಕೊಂಡಿದ್ದಾರೆ, ಎಲ್ಲರ ಮೇಲೂ ಗದ್ದಲ ಸುರಿಯುತ್ತಿದೆ. ಮೊದಲ ಗುಂಪಿಗೆ 80 ಸ್ಪೈಕ್‌ಗಳ ಕಟ್ಟನ್ನು ಒಂದು ಮಿಲಿಸೆಕೆಂಡಿನ ಚದುರಿನಲ್ಲಿ ಕೊಟ್ಟೆ. ಅದು ಗುಂಪಿನಿಂದ ಗುಂಪಿಗೆ ದಾಟುತ್ತ ಇನ್ನಷ್ಟು ಬಿಗಿಯಾಯಿತು! ಗದ್ದಲದಲ್ಲಿ ಕರಗುವ ಬದಲು ಹತ್ತನೆಯ ಗುಂಪಿನಲ್ಲಿ ಮೊದಲಿಗಿಂತ ಚೊಕ್ಕವಾಗಿತ್ತು. ಆಮೇಲೆ 40 ಸ್ಪೈಕ್‌ಗಳನ್ನು ನಾಲ್ಕು ಮಿಲಿಸೆಕೆಂಡಿಗೆ ಹರಡಿ ಕೊಟ್ಟೆ. ಮೂರನೆಯ ಗುಂಪು ಮುಟ್ಟುವಷ್ಟರಲ್ಲಿ ಗದ್ದಲದಲ್ಲಿ ಬೆರೆತುಹೋಯಿತು. ನಡುವೆ ಒಂದು ಗಡಿ ಇದೆ, ಈಚೆ ಇದ್ದರೆ ಅಳಿವು, ಆಚೆ ಇದ್ದರೆ ಉಳಿವು. ಕೆಟ್ಟ ಬಿಡಿಭಾಗ ಅಂದಿದ್ದೆನಲ್ಲ, ಆ ಬಿಡಿಭಾಗಗಳೇ ನೂರು ಸೇರಿ ಹದಗೆಟ್ಟ ಸಂಕೇತವನ್ನು ತಿದ್ದಿ ಮುಂದೆ ಕಳಿಸುತ್ತಿವೆ. ಗದ್ದಲ ಪೂರ್ತಿ ತೆಗೆದು ನೋಡಿದರೆ ಇನ್ನೊಂದು ಗೊತ್ತಾಯಿತು: ನರಕೋಶಗಳು ಹೊಸ್ತಿಲಿನಿಂದ ದೂರ ಮಲಗಿಬಿಡುತ್ತವೆ, ಮೊದಲು ದಾಟುತ್ತಿದ್ದ ಕಟ್ಟೂ ದಾಟುವುದಿಲ್ಲ.

ನಿನ್ನೆ ರಾತ್ರಿ ಸರಪಳಿಯನ್ನು ದೊಡ್ಡ ಜಾಲದೊಳಗೆ ಇಟ್ಟು ಕೊಂಡಿಗಳ ಬಲ ಸ್ವಲ್ಪ ಹೆಚ್ಚಿಸಿದೆ. ಒಂದು ಕಟ್ಟು ಹೊರಟದ್ದೇ ತಡ, ಇಡೀ ಜಾಲ ಹೊತ್ತಿಕೊಂಡಿತು. ಪರದೆಯ ಮೇಲಿಂದ ಕೆಳಗಿನವರೆಗೆ ಕಪ್ಪು ಪಟ್ಟೆ, ಖಾಲಿ, ಮತ್ತೆ ಕಪ್ಪು ಪಟ್ಟೆ. ಇಇಜಿ ಕೋಣೆಯವರು ಬರೆದ ಆ ಮಗುವಿನ ಗೆರೆಗಳೇ ನೆನಪಾದವು. ತಡೆ ನರಕೋಶಗಳ ಬಲ ಏರಿಸಿದ ಮೇಲೆ ತಣ್ಣಗಾಯಿತು. ಹಾಗಾದರೆ ಮೂರ್ಛೆಗೆ ಔಷಧ ಅಂದರೆ ತಡೆಯನ್ನು ಹೆಚ್ಚಿಸುವುದೇ?

ಇಇಜಿ ಕೋಣೆ

ಹಲವು ಥರದ ಮೂರ್ಛೆಗೆ ಹೌದು, ಗಾಬಾದ ತಡೆಯನ್ನು ಬಲಪಡಿಸುವ ಔಷಧಗಳು ಇವೆ. ಆದರೆ ನಾನು ಹೇಳಿದ ಆ ಮಗುವಿನ ವಿಷಯದಲ್ಲಿ ಹಾಗಲ್ಲ. ಗಾಬಾ ಹೆಚ್ಚಿಸುವ ವಿಗಾಬಾಟ್ರಿನ್, ಟಿಯಾಗಾಬಿನ್ ಥರದವನ್ನು ಕೊಟ್ಟರೆ ಆಬ್ಸೆನ್ಸ್ ಹೆಚ್ಚಾಗಬಹುದು ಎಂದು ನಮ್ಮ ಡಾಕ್ಟರು ಯಾವಾಗಲೂ ಎಚ್ಚರಿಸುತ್ತಾರೆ. ಅದಕ್ಕೆ ಕೊಡುವುದು ಎಥೊಸಕ್ಸಿಮೈಡ್, ಇಲ್ಲವೇ ವಾಲ್ಪ್ರೋಯೇಟ್. ಯಾಕೆ ಅಂತ ಮೇಷ್ಟ್ರು ಹೇಳಬೇಕು.

ಜೀವಶಾಸ್ತ್ರದ ಮೇಷ್ಟ್ರು

ಯಾಕೆಂದರೆ ಆ ತಾಳ ಹುಟ್ಟುವುದು ಹೊರಪದರ ಒಂದರಲ್ಲೇ ಅಲ್ಲ, ಹೊರಪದರ ಮತ್ತು ಮಿದುಳಿನ ಒಳಗಿನ ಸುದ್ದಿ ದಾಟಿಸುವ ನಿಲ್ದಾಣವಾದ ಥಾಲಮಸ್ ಸೇರಿದ ಸುತ್ತಿನಲ್ಲಿ. ಥಾಲಮಸ್‌ನ ನರಕೋಶಗಳಲ್ಲಿ ಟಿ ಬಗೆಯ ಕ್ಯಾಲ್ಸಿಯಂ ಬಾಗಿಲುಗಳಿವೆ. ಅವುಗಳ ಗುಣ ವಿಚಿತ್ರ: ನರಕೋಶವನ್ನು ಚೆನ್ನಾಗಿ ಕೆಳಗೆ ಅದುಮಿ ಹಿಡಿದರೆ ಮಾತ್ರ ಅವು ತೆರೆಯಲು ಸಜ್ಜಾಗುತ್ತವೆ. ತಡೆ ಬಿಟ್ಟ ಕೂಡಲೇ ತೆರೆದುಕೊಂಡು ಸ್ಪೈಕ್‌ಗಳ ಗೊಂಚಲನ್ನೇ ಹೊಡೆಯುತ್ತವೆ. ತಡೆ ಹೆಚ್ಚಿಸಿದಷ್ಟೂ ಎಲ್ಲ ನರಕೋಶಗಳೂ ಒಟ್ಟಿಗೆ ಅದುಮಿಸಿಕೊಂಡು ಒಟ್ಟಿಗೆ ಪುಟಿಯುತ್ತವೆ. ಎಥೊಸಕ್ಸಿಮೈಡ್ ಆ ಬಾಗಿಲುಗಳನ್ನೇ ತಗ್ಗಿಸುತ್ತದೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಜೇನುಗೂಡು ಹೇಳಿದ ಕೀಟದಲ್ಲಿ ತಡೆ ನರಕೋಶ ತಾಳ ಹಿಡಿಸಿ ಸೂಕ್ಷ್ಮವನ್ನು ತೋರಿಸಿತು, ಇಲ್ಲಿ ಅದೇ ತಡೆ ಎಲ್ಲವನ್ನೂ ಒಂದೇ ಏಟಿಗೆ ಕಟ್ಟಿಹಾಕುತ್ತದೆ. ತಂತುಜಾಲ, ನಿಮ್ಮ ಜಾಲದಲ್ಲಿ ಥಾಲಮಸ್ ಇಲ್ಲ, ಆ ಬಾಗಿಲೂ ಇಲ್ಲ.

ತಂತುಜಾಲ

ಸೇರಿಸುತ್ತೇನೆ ಮೇಷ್ಟ್ರೇ. ಬಾಗಿಲು ಸಜ್ಜಾಗಲು ನರಕೋಶವನ್ನು ಎಷ್ಟು ಹೊತ್ತು ಅದುಮಿ ಹಿಡಿಯಬೇಕು?

ಜೀವಶಾಸ್ತ್ರದ ಮೇಷ್ಟ್ರು

ನೂರು ಮಿಲಿಸೆಕೆಂಡಿನ ಆಸುಪಾಸಿನಿಂದ ಶುರುಮಾಡಿ. ಚಿತ್ರ ಬಂದ ಕೂಡಲೇ ಇಲ್ಲಿ ಹಾಕಿ.